2110ರ ವಿಜಯಪುರ, ಒಬ್ಬ ಬೇಹುಗಾರ್ತಿ, ನೆಲದಡಿಯ ಗುಟ್ಟು: ಕಾದಂಬರಿಗೆ ಸಲಹೆ ಬೇಕು

ಬಾವಡಿ_ಬರಹ:
ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಒಂದು ಬೇಹುಗಾರಿಕೆ ಕಾದಂಬರಿ ಬರೆಯುತ್ತಿದ್ದೇನೆ. ಕಥೆ ನಡೆಯುವುದು 2110ರಲ್ಲಿ, ನಮ್ಮ ವಿಜಯಪುರದಲ್ಲಿ. ಮಳೆ ಕೈಕೊಟ್ಟು ಜಿಲ್ಲೆಯೆಲ್ಲ ಮರುಭೂಮಿಯಾಗಿದೆ. ಕುಡಿಯುವ ನೀರು ಒಂದು ಕಂಪನಿಯ ಕೈಯಲ್ಲಿದೆ, ಕಾರ್ಡ್ ತೋರಿಸಿದರೆ ಮಾತ್ರ ಸಿಗುತ್ತದೆ. ಅವರ ಡ್ರೋನ್‌ಗಳು ಹಗಲು ರಾತ್ರಿ ತಲೆಯ ಮೇಲೆ ಸುತ್ತುತ್ತವೆ. ನಾಯಕಿ ಅದೇ ಕಂಪನಿಯ ಬೇಹುಗಾರ್ತಿ. ಅವಳ ಅಜ್ಜ ಈ ಊರಿನವರು, ಅವಳು ಬೆಳೆದದ್ದು ದೂರದಲ್ಲಿ. ಆದಿಲಶಾಹಿ ಕಾಲದ ಒಂದು ಕಾಗದ ಹುಡುಕಿ ತಾ ಅಂತ ಅವಳನ್ನು ಕಳಿಸಿದ್ದಾರೆ.

ನನ್ನ ಕರಡಿನಲ್ಲಿ ಆ ಕಾಗದ ಚಿನ್ನದ ನಕಾಶೆ. 1686ರಲ್ಲಿ ಔರಂಗಜೇಬ ಊರು ಗೆಲ್ಲುವ ಮೊದಲು ಯಾರೋ ಖಜಾನೆ ಬಚ್ಚಿಟ್ಟರು ಅಂತ. ಹನ್ನೆರಡು ಅಧ್ಯಾಯ ಆಯಿತು, ಕಥೆ ಮುಂದಕ್ಕೆ ಹೋಗುತ್ತಿಲ್ಲ. ತಂಗಿಗೆ ಓದಲು ಕೊಟ್ಟೆ. ಮೂರನೇ ಅಧ್ಯಾಯಕ್ಕೆ ಪುಟ ಮಡಚಿಟ್ಟು, "ಅಣ್ಣಾ, ಇದು ನಮ್ಮೂರಿನ ಕಥಿ ಅನಸವಲ್ತು" ಅಂದಳು. ಅವಳು ಹೇಳಿದ್ದು ಸರಿ. ಊರಿನ ಹೆಸರು ಅಳಿಸಿ ಬೇರೆ ಯಾವ ಊರಿನ ಹೆಸರು ಬರೆದರೂ ಕಥೆ ಹಾಗೇ ಇರುತ್ತದೆ.

ಮೊದಲ ಸಾಲು ಹೀಗಿದೆ: "ಕಣ್ಣು ಹಾಯಿಸಿದಷ್ಟು ದೂರ ಹೊಂಬಣ್ಣದ ಮರಳು ದಿಬ್ಬಗಳು. ಅದರಾಚೆ ಗೋಲಗುಮ್ಮಟ." ಎಲ್ಲಿ ತಪ್ಪಿದ್ದೇನೆ ಅಂತ ಮುಲಾಜಿಲ್ಲದೆ ಹೇಳಿ.

ಡೋಣಿ_ದಂಡೆ:
ಮೊದಲ ಸಾಲಿನಲ್ಲೇ ತಪ್ಪಿದೆ ಅಣ್ಣಾ. ಮರಳು ದಿಬ್ಬ ನಮ್ಮಲ್ಲಿ ಎಲ್ಲಿಂದ ಬರಬೇಕು?

ನಮ್ಮದು ಕರಿಕಲ್ಲಿನ ನೆಲ. ಆ ಕಲ್ಲು ಸವೆದು ಎರೆ ಮಣ್ಣಾಗಿದೆ. ಎರೆ ಎಷ್ಟು ಒಣಗಿದರೂ ಮರಳಾಗುವುದಿಲ್ಲ, ಬಿರಿಯುತ್ತದೆ. ನಾನು ಡೋಣಿ ಹೊಳೆಯ ಬಯಲಿನ ರೈತ. ಏಪ್ರಿಲ್ ತಿಂಗಳಲ್ಲಿ ಹೊಲಕ್ಕೆ ಬಂದು ನೋಡಿ. ಬಿರುಕಿನಲ್ಲಿ ಮೊಣಕೈವರೆಗೆ ಕೈ ಹೋಗುತ್ತದೆ. ನಮ್ಮ ಅವ್ವನ ಕುಡುಗೋಲು ಒಮ್ಮೆ ಅಂಥ ಬಿರುಕಿನಲ್ಲಿ ಜಾರಿ ಬಿತ್ತು. ಕಡ್ಡಿ ಹಾಕಿ ಕೆದಕಿದರೂ ಸಿಗಲಿಲ್ಲ. ಮಳೆಯಾಗಿ ನೆಲ ಉಬ್ಬಿ ಮುಚ್ಚಿಕೊಂಡಿತು. ಮುಂದೆ ಎರಡು ವರ್ಷದ ಮೇಲೆ ನೇಗಿಲಿಗೆ ಸಿಕ್ಕಿತು, ಹಿಡಿ ಕೊಳೆತು ಹೋಗಿತ್ತು. ಈ ನೆಲ ವಸ್ತುಗಳನ್ನು ನುಂಗುತ್ತದೆ, ತನಗೆ ಬೇಕಾದಾಗ ವಾಪಸ್ ಕೊಡುತ್ತದೆ. ಬೇಹುಗಾರಿಕೆ ಕಥೆಗೆ ಇದಕ್ಕಿಂತ ಒಳ್ಳೆಯ ನೆಲ ಬೇಕಾ?

ವರ್ಷಕ್ಕೆ 250 ಮಿಲಿಮೀಟರ್‌ಗಿಂತ ಕಡಿಮೆ ಮಳೆ ಬಿದ್ದರೆ ಮರುಭೂಮಿ ಅನ್ನುತ್ತಾರೆ. ನಮ್ಮಲ್ಲಿ ಸುಮಾರು 600 ಬೀಳುತ್ತದೆ. ಅದು ನಿಂತುಹೋದರೆ ಏನಾಗುತ್ತದೆ ಅಂದರೆ, ಆ ಬಿರುಕುಗಳು ಮುಚ್ಚಿಕೊಳ್ಳುವುದೇ ಇಲ್ಲ. ಮೇಲೆ ಕರಿ ಧೂಳು ಏಳುತ್ತದೆ. ಡೋಣಿಯ ನೀರು ಮೊದಲೇ ಸವಳು. ಹೊಳೆ ಬತ್ತಿದರೆ ದಂಡೆಯುದ್ದಕ್ಕೂ ಬಿಳಿ ಉಪ್ಪು ಕೂತಿರುತ್ತದೆ. ಕರಿ ನೆಲ, ಬಿಳಿ ಉಪ್ಪು. ನಮ್ಮ ಮರುಭೂಮಿಯ ಬಣ್ಣ ಅದು. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಅಂತ ಹಿರಿಯರು ಹೇಳುತ್ತಿದ್ದ ಬಯಲು ಹಾಗಾಗಿದೆ ಅಂದರೆ ಓದುವವರಿಗೆ ಹೊಟ್ಟೆಯಲ್ಲಿ ಸಂಕಟ ಆಗಬೇಕು.

ಇಂಡಿಯವಳು:
ನನಗೆ ಬೇರೆಯದೇ ಒಂದು ನೋವಿದೆ, ಹೇಳಿಬಿಡುತ್ತೇನೆ. ಯಾಕೆ ಯಾವಾಗಲೂ ನಮ್ಮ ಜಿಲ್ಲೆಯೇ ಮರುಭೂಮಿ ಆಗಬೇಕು? ಹಾಸ್ಟೆಲಿನಲ್ಲಿ ಓದುವಾಗ ಗೆಳತಿಯರು, "ನಿಮ್ಮ ಊರಲ್ಲಿ ವಾರಕ್ಕೊಮ್ಮೆ ಸ್ನಾನನಾ?" ಅಂತ ಕೇಳುತ್ತಿದ್ದರು. ಇಪ್ಪತ್ತು ವರ್ಷ ಆಯಿತು, ಇನ್ನೂ ಮರೆತಿಲ್ಲ. ನಮ್ಮ ಇಂಡಿ ನಿಂಬೆಗೆ ಈಗ ಜಿಐ ಟ್ಯಾಗ್ ಇದೆ. ಏತ ನೀರಾವರಿಯಿಂದ ಕೆರೆ ತುಂಬುತ್ತಿವೆ. ಕೋಟಿ ವೃಕ್ಷ ಅಭಿಯಾನ ಅಂತ ಗಿಡ ನೆಟ್ಟರು, ನಾನೂ ನೆಟ್ಟಿದ್ದೇನೆ.

ಮರುಭೂಮಿ ಅಂತ ಬರೆಯಬೇಡಿ ಅನ್ನುತ್ತಿಲ್ಲ. ಆದರೆ "ಮಳೆ ಕೈಕೊಟ್ಟಿತು" ಅಂತ ಒಂದೇ ಸಾಲಿನಲ್ಲಿ ಮುಗಿಸಬೇಡಿ. ಮಳೆ ಕೈಕೊಟ್ಟ ವರ್ಷಗಳನ್ನು ಈ ಜನ ಎಷ್ಟು ಸಲ ನೋಡಿದ್ದಾರೆ! 1876ರಿಂದ 78ರವರೆಗಿನ ಬರದಲ್ಲಿ ಈ ಭಾಗ ಅರ್ಧಕ್ಕರ್ಧ ಖಾಲಿಯಾಯಿತು ಅಂತ ನಮ್ಮ ಮನೆಯಲ್ಲಿ ಹೇಳುತ್ತಿದ್ದರು. ಆದರೂ ಜನ ವಾಪಸ್ ಬಂದು ಬಿತ್ತಿದರು. ಮರುಭೂಮಿ ಆಗಬೇಕಾದರೆ ಮನುಷ್ಯರೇ ಏನಾದರೂ ಮಾಡಿರಬೇಕು. ಅದನ್ನು ಬರೆಯಿರಿ.

ಬಾವಡಿ_ಬರಹ:
ಇಬ್ಬರ ಮಾತೂ ಮನಸ್ಸಿಗೆ ನಾಟಿತು. ಮರಳು ದಿಬ್ಬ ತೆಗೆದೆ. ಅಕ್ಕಾ, ನೀವು ಹೇಳಿದ್ದಕ್ಕೂ ದಾರಿ ಕಂಡಿದೆ. ಮಳೆ ಬರುತ್ತದೆ, ಆದರೆ ವರ್ಷದ ಮಳೆಯೆಲ್ಲ ಎರಡೇ ದಿನದಲ್ಲಿ ಸುರಿದು ಹೋಗುತ್ತದೆ. ಹಿಡಿದಿಡುವ ಕೆರೆಗಳನ್ನು ಸೈಟ್ ಮಾಡಿ ಮಾರಿದ್ದಾರೆ. ನೆಲದ ನೀರನ್ನು ಬೋರ್ ಹಾಕಿ ಹೀರಿ ಮುಗಿಸಿದ್ದಾರೆ. ಆಮೇಲೆ ಕಂಪನಿ ಬಂದಿದೆ.

ಹಳೇ_ಬಾಗಲಕೋಟೆ:
ಕೃಷ್ಣೆಯನ್ನು ಮರೆತಿರಲ್ಲ. ಆಲಮಟ್ಟಿ ಅಣೆಕಟ್ಟಿನಲ್ಲಿ ಈಗ ಸಮುದ್ರಮಟ್ಟದಿಂದ 519.60 ಮೀಟರ್‌ ಎತ್ತರದವರೆಗೆ ನೀರು ನಿಲ್ಲುತ್ತದೆ. ಆ ಹಿನ್ನೀರಿಗೆ ನಮ್ಮ ಹಳೇ ಬಾಗಲಕೋಟೆಯ ಎಷ್ಟೋ ಓಣಿ ಹೋದವು. ನಾವು ನವನಗರಕ್ಕೆ ಬಂದೆವು. ಅಪ್ಪ ಬಾಗಿಲ ಚೌಕಟ್ಟನ್ನು ಕಿತ್ತು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ತಂದರು. ಹೊಸ ಮನೆಯ ಗೋಡೆಗೆ ಅದು ಕೂರಲಿಲ್ಲ. ಇವತ್ತಿಗೂ ಹಿತ್ತಲಿನಲ್ಲಿ ಗೋಡೆಗೆ ಒರಗಿಸಿ ಇಟ್ಟಿದ್ದೇವೆ. ಅವ್ವ ಶುಕ್ರವಾರ ಅದರ ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚುತ್ತಾಳೆ.

ಬೇಸಿಗೆಯಲ್ಲಿ ನೀರು ಇಳಿದಾಗ ಮುಳುಗಿದ ಮನೆಗಳ ಪಾಯ ಕಾಣುತ್ತದೆ. 2110ರಲ್ಲಿ ಹೊಳೆಯೇ ಬತ್ತಿದರೆ ಇಡೀ ಓಣಿಗಳು ಮೇಲೆ ಬರುತ್ತವೆ ಅಲ್ವಾ? ನಿಮ್ಮ ಬೇಹುಗಾರ್ತಿ ಅಲ್ಲಿ ಒಂದು ರಾತ್ರಿ ನಡೆಯಲಿ. ಆದಿಲಶಾಹಿ ಅಷ್ಟೇ ಹಳೆಯದಲ್ಲ, ಅವಳ ಕಾಲಕ್ಕೆ ನಾವೂ ಹಳಬರೇ.

ರೋಚಕ_ಓದುಗ:
ಎಲ್ಲ ಚೆನ್ನಾಗಿದೆ. ಆದರೆ ಚಿನ್ನ ತೆಗೆಯಬೇಡಿ ಅಂತ ನನ್ನ ಒತ್ತಾಯ. ಥ್ರಿಲ್ಲರ್ ಅಂದರೆ ಓಟ ಬೇಕು, ಓಟಕ್ಕೆ ಆಸೆ ಬೇಕು. ಮಣ್ಣು, ಉಪ್ಪು, ಹೊಸ್ತಿಲು ಓದಿ ಕಣ್ಣು ತುಂಬುತ್ತದೆ, ಪುಟ ತಿರುಗುವುದಿಲ್ಲ.

ಬಾವಡಿ_ಬರಹ:
ಸರ್, ಓಟ ಬೇಕು ಅನ್ನುವುದನ್ನು ಒಪ್ಪುತ್ತೇನೆ. ಆದರೆ ಬೆಲೆ ಅನ್ನುವುದು ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಮಲಿಕ್-ಎ-ಮೈದಾನ್ ತೋಪನ್ನೇ ನೋಡಿ. ಸುಮಾರು 55 ಟನ್ ತೂಕ. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು. ಅಂಥದ್ದನ್ನು 1854ರಲ್ಲಿ ಬ್ರಿಟಿಷರು ಹರಾಜಿಗೆ ಇಟ್ಟಾಗ ಬಂದ ಬೆಲೆ 150 ರೂಪಾಯಿ. ಪುಣ್ಯಕ್ಕೆ ಆ ಹರಾಜು ರದ್ದಾಯಿತು. 2110ರಲ್ಲಿ ಒಂದು ಕೊಡ ಸಿಹಿನೀರಿನ ಮುಂದೆ ಚಿನ್ನದ ಬೆಲೆ ಎಷ್ಟಿರಬಹುದು ಅಂತ ನಾನು ಯೋಚಿಸುತ್ತಾ ಇದ್ದೇನೆ.

ತೊರವಿ_ಹಾದಿ:
ಹಾಗಾದರೆ ಗುಟ್ಟು ನಿಮ್ಮ ಕಾಲ ಕೆಳಗೇ ಇದೆ. ವಿಜಯಪುರದ ಪಕ್ಕದ ತೊರವಿಯ ಸುರಂಗ ಬಾವಡಿಯನ್ನು ನೋಡಿದ್ದೀರಾ?

ನೋಡದವರಿಗಾಗಿ ಹೇಳುತ್ತೇನೆ. ಪರ್ಷಿಯಾದಿಂದ ಬಂದ ವಿದ್ಯೆ ಅದು, ಕರೇಜ್ ಅನ್ನುತ್ತಾರೆ. ಎತ್ತರದ ಜಾಗದಲ್ಲಿ ನೀರಿನ ಸೆಲೆ ಹುಡುಕಿ ತಾಯಿ ಬಾವಿ ತೋಡುತ್ತಾರೆ. ಅಲ್ಲಿಂದ ಊರಿನ ಕಡೆಗೆ ಕಣ್ಣಿಗೆ ಕಾಣದಷ್ಟು ಇಳಿಜಾರಿನಲ್ಲಿ ಸುರಂಗ ಕೊರೆಯುತ್ತಾರೆ. ನಡುನಡುವೆ ಮೇಲಿನಿಂದ ಬಾವಿಯಂಥ ಕಿಂಡಿ ಇಳಿಸುತ್ತಾರೆ, ಗಾಳಿಗೆ ಮತ್ತು ಹೂಳು ತೆಗೆಯುವುದಕ್ಕೆ. ಪಂಪ್ ಇಲ್ಲ, ಎತ್ತು ಇಲ್ಲ, ನೀರು ತಾನಾಗಿ ನಡೆದು ಬರುತ್ತದೆ. ನೆಲದಡಿ ಇರುವುದರಿಂದ ಬಿಸಿಲಿಗೆ ಆರುವುದಿಲ್ಲ. ಇರಾನಿನಲ್ಲಿ ಇದನ್ನೇ ಕನಾತ್ ಅನ್ನುತ್ತಾರೆ, ಅಲ್ಲಿನ 11 ಕನಾತ್‌ಗಳನ್ನು ಯುನೆಸ್ಕೋ 2016ರಲ್ಲಿ ವಿಶ್ವ ಪರಂಪರೆಗೆ ಸೇರಿಸಿತು. ಬೀದರಿನ ನೌಬಾದಿನಲ್ಲಿ ಇಂಥದ್ದೇ ಇದೆ. ನಮ್ಮ ಸುರಂಗ ಬಾವಡಿ ಕೂಡ ದಖ್ಖನ್ನಿನ ಹಳೆಯ ನೀರಿನ ವ್ಯವಸ್ಥೆಗಳ ಜೊತೆ 2020ರ ವರ್ಲ್ಡ್ ಮಾನ್ಯುಮೆಂಟ್ಸ್ ವಾಚ್ ಪಟ್ಟಿಗೆ ಸೇರಿತು.

ಹತ್ತಿರದಲ್ಲೇ ನವರಸಪುರ. ಇಮ್ಮಡಿ ಇಬ್ರಾಹಿಂ ಆದಿಲ್ ಶಾಹ ಸಂಗೀತಕ್ಕೆಂದೇ ಕಟ್ಟಿಸಲು ಹೊರಟ ಊರು, 1624ರಲ್ಲಿ ಅಹ್ಮದ್‌ನಗರದ ಸೇನಾಪತಿ ಮಲಿಕ್ ಅಂಬರನ ದಾಳಿಗೆ ಹಾಳಾಯಿತು. ಕಾಗದ ಆ ಗದ್ದಲದಲ್ಲಿ ಕಳೆದದ್ದು ಅಂತ ಬರೆಯಿರಿ, 1686ರವರೆಗೆ ಯಾಕೆ ಕಾಯಬೇಕು?

ಮಣ್ಣು_ಮಾಪಕ:
ನನ್ನ ಕೆಲಸ ನೆಲದ ಸರ್ವೆ. ಒಂದು ಅಡ್ಡಿ ಹೇಳುತ್ತೇನೆ, ಆಮೇಲೆ ನಾನೇ ಅದನ್ನು ಬಿಡಿಸುತ್ತೇನೆ.

2110ರಲ್ಲಿ ಕಂಪನಿಯ ಬಳಿ ಎಲ್ಲ ಯಂತ್ರ ಇರುತ್ತವೆ. ಸುರಂಗ ಹುಡುಕುವುದು ಅವರಿಗೆ ಏನು ಕಷ್ಟ? ನೆಲದೊಳಗೆ ಇಣುಕುವ ರೇಡಾರ್ ಇವತ್ತೇ ಇದೆ. 2022ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಗುರುತ್ವದ ಅತಿ ಸಣ್ಣ ವ್ಯತ್ಯಾಸ ಅಳೆಯುವ ಕ್ವಾಂಟಮ್ ಉಪಕರಣದಿಂದ ನೆಲದಡಿಯ ಸುರಂಗವೊಂದನ್ನು ಪತ್ತೆ ಹಚ್ಚಿದರು. ಪೊಳ್ಳಾದ ಜಾಗದಲ್ಲಿ ಎಳೆತ ಒಂದು ಚೂರು ಕಡಿಮೆ ಇರುತ್ತದೆ, ಅದನ್ನೇ ಅದು ಹಿಡಿಯುತ್ತದೆ.

ಈಗ ಬಿಡಿಸುತ್ತೇನೆ. ರೇಡಾರ್‌ಗೆ ಜಿಗುಟು ಮಣ್ಣು ಆಗುವುದಿಲ್ಲ. ಎರೆಯಂಥ ಮಣ್ಣು ಆ ಅಲೆಗಳನ್ನು ಸ್ವಲ್ಪ ಆಳದಲ್ಲೇ ನುಂಗಿಬಿಡುತ್ತದೆ, ಉಪ್ಪಿದ್ದರಂತೂ ಇನ್ನೂ ಬೇಗ. ಅಂದರೆ ಡೋಣಿ ಬಯಲಿನಲ್ಲಿ ಏನಾದರೂ ಹೂತಿಟ್ಟರೆ ರೇಡಾರ್ ಕುರುಡು. ತೊರವಿ ಕಡೆ ಕಲ್ಲು ನೆಲ, ಅಲ್ಲಿ ಈ ಮರೆ ಇಲ್ಲ. ಆದರೆ ಅಲ್ಲಿ ಇನ್ನೊಂದಿದೆ, ಹೂಳು. ಸುರಂಗದ ತುಂಬ ಹೂಳು ಗಟ್ಟಿಯಾಗಿ ಕೂತಿದ್ದರೆ ಅದು ಪೊಳ್ಳಾಗಿ ಉಳಿಯುವುದಿಲ್ಲ. ಗುರುತ್ವದ ಉಪಕರಣಕ್ಕೆ ಸುತ್ತಲಿನ ನೆಲಕ್ಕೂ ಅದಕ್ಕೂ ವ್ಯತ್ಯಾಸ ಪೊಳ್ಳು ಸುರಂಗಕ್ಕಿಂತ ಕಡಿಮೆ, ಹಿಡಿಯುವುದು ಕಷ್ಟ. ನಾವು ಕಸ ಹಾಕಿ, ಮರೆತು, ಹೂಳು ತುಂಬಲು ಬಿಟ್ಟ ಸುರಂಗ ಅದೇ ಕಾರಣಕ್ಕೆ ಶತ್ರುವಿನ ಕಣ್ಣು ತಪ್ಪಿಸಿಕೊಂಡಿತು ಅಂತ ಬರೆಯಬಹುದು.

ಬಾವಡಿ_ಬರಹ:
ಇದನ್ನು ಓದಿ ಕುರ್ಚಿಯಿಂದ ಎದ್ದು ಎರಡು ಸುತ್ತು ಓಡಾಡಿದೆ. ಹಾಗಾದರೆ ಎರಡು ಜಾಗ ಆಯಿತು. ನೀರು ತೊರವಿಯಲ್ಲಿ, ಹೂಳಿನ ಕೆಳಗೆ. ಅದರ ಲೆಕ್ಕದ ಕಾಗದ ಡೋಣಿ ಬಯಲಿನಲ್ಲಿ, ಎರೆ ಕೆಳಗೆ. ಕಾಗದವನ್ನು ಅಲ್ಲಿ ಎಲ್ಲಿಡಲಿ?

ಡೋಣಿ_ದಂಡೆ:
ಹಗೇವಿನಲ್ಲಿ!

ಈಗಿನ ಹುಡುಗರಿಗೆ ಗೊತ್ತಿಲ್ಲ. ಮನೆಯೊಳಗೋ ಅಂಗಳದಲ್ಲೋ ನೆಲದಡಿ ಜೋಳ ತುಂಬಿಡುವ ಗುಂಡಿ ಅದು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಮೇಲೆ ಬಂಡೆ ಮುಚ್ಚಿ ಮಣ್ಣು ಮೆತ್ತಿದರೆ ಅಲ್ಲಿ ಹಗೇವು ಇದೆ ಅಂತ ಮನೆಯವರಿಗೆ ಮಾತ್ರ ಗೊತ್ತು. ನಾನು ಏಳೆಂಟು ವರ್ಷದವನಿದ್ದಾಗ ನಮ್ಮ ಮುತ್ಯಾ ಕೊನೇ ಸಲ ತೆಗೆಸಿದರು. ಬಂಡೆ ಸರಿಸಿದ ಕೂಡಲೇ ನಾನು ಬಗ್ಗಿ ನೋಡಲು ಹೋದೆ. ರಟ್ಟೆ ಹಿಡಿದು ಹಿಂದಕ್ಕೆ ಎಳೆದರು. "ಇಳಿಬ್ಯಾಡ, ಒಳಗ ಕೆಟ್ಟ ಗಾಳಿ ಐತಿ" ಅಂದರು. ಅರ್ಧ ದಿನ ಹಾಗೇ ತೆರೆದಿಟ್ಟರು. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟರು. ಮೊದಲನೇ ಸಲ ದೀಪ ಆರಿತು. ಎರಡನೇ ಸಲವೂ ಆರಿತು. ಸಂಜೆ ಹೊತ್ತಿಗೆ ಇಳಿಬಿಟ್ಟಾಗ ಉರಿಯುತ್ತಲೇ ಇತ್ತು. ಆಮೇಲೆ ಆಳು ಇಳಿದ. ಕಾಳು ಉಸಿರಾಡಿ ಒಳಗಿನ ಗಾಳಿಯೆಲ್ಲ ಮುಗಿದಿರುತ್ತದೆ, ಅವಸರ ಮಾಡಿದವರು ಸತ್ತದ್ದೂ ಇದೆ.

ನಿಮ್ಮ ಕಂಪನಿಯ ಜನ ಅವಸರದವರು ಇರಬೇಕಲ್ಲ?

ರೋಚಕ_ಓದುಗ:
ಈಗ ಓಟ ಬಂತು! ದೀಪ ಮೂರು ಸಲ ಇಳಿಯುವ ದೃಶ್ಯ ಬರೆಯಿರಿ. ಹೊರಗೆ ಡ್ರೋನ್ ಸದ್ದು ಹತ್ತಿರ ಬರುತ್ತಿದೆ, ಒಳಗೆ ದೀಪ ಇನ್ನೂ ಆರುತ್ತಲೇ ಇದೆ. ಆದರೂ ಚಿನ್ನದ ವಿಷಯದಲ್ಲಿ ನನ್ನ ಮಾತು ಬಿಟ್ಟುಕೊಡುವುದಿಲ್ಲ. ಕಂಪನಿಯವರಾದರೂ ಚಿನ್ನ ಅಂತ ನಂಬಿರಲಿ.

ಹಸ್ತಪ್ರತಿ_ಪ್ರೇಮಿ:
ರೋಚಕ ಅವರ ಮಾತಿಗೆ ದಾರಿ ಇದೆ, ಅದೂ ಒಂದೇ ಪದದಲ್ಲಿ. ಗಂಜ್.

ಪರ್ಷಿಯನ್ನಿನಲ್ಲಿ ಗಂಜ್ ಅಂದರೆ ನಿಧಿ. ಕಲಬುರಗಿ ಕಡೆಯವರಿಗೆ ಗಂಜ್ ಅಂದರೆ ಮಾರುಕಟ್ಟೆ. ವಿಜಯಪುರದಲ್ಲಿ ಗಂಜ್ ಅಂದರೆ ಹಳೆಯ ನೀರಿನ ಗೋಪುರ. ಮಣ್ಣಿನ ಕೊಳವೆಗಳಲ್ಲಿ ಬರುವ ನೀರಿನ ಒತ್ತಡ ಇಳಿಸಲು, ಹೂಳು ಕೆಳಗೆ ಕೂರಲು ಕಟ್ಟಿದ ಗೋಪುರಗಳು ಅವು. ಬೇಗಂ ತಲಾಬ್ ಕೆರೆಯಿಂದ ಬರುತ್ತಿದ್ದ ನೀರಿಗೂ ಅಂಥವೇ ಇದ್ದವು. ಊರಿನಲ್ಲಿ ಕೆಲವು ಈಗಲೂ ನಿಂತಿವೆ. ಪಕ್ಕದಲ್ಲೇ ದಿನಾ ಓಡಾಡುತ್ತೇವೆ, ತಲೆಯೆತ್ತಿ ನೋಡುವುದಿಲ್ಲ.

ಕಾಗದದಲ್ಲಿ "ಗಂಜ್" ಅಂತ ಇದೆ ಅಂದುಕೊಳ್ಳಿ. ಕಂಪನಿಯ ಪಂಡಿತರು ನಿಧಿ ಅಂತ ಓದುತ್ತಾರೆ. ಅದು ತಪ್ಪು ಅಲ್ಲ, ನಿಘಂಟಿನ ಪ್ರಕಾರ ಸರಿಯೇ. ಊರಿನ ಹುಡುಗಿ ಗೋಪುರ ಅಂತ ಓದುತ್ತಾಳೆ.

ಇನ್ನೂ ಒಂದು. ಆ ಕಾಲದ ಶಾಸನಗಳಲ್ಲಿ ಅಬ್ಜದ್ ಪದ್ಧತಿಯಿಂದ ಇಸವಿ ಅಡಗಿಸಿ ಬರೆಯುತ್ತಿದ್ದರು, ಇಬ್ರಾಹಿಂ ರೋಜಾ ಗೋರಿಯಲ್ಲೂ ಅಂಥದ್ದಿದೆ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ. ಗಂಜ್ ಅನ್ನುವುದರಲ್ಲಿ ಗಾಫ್ ಅನ್ನು ಕಾಫ್ ಎಂದು ಎಣಿಸಿ 20, ನೂನ್ 50, ಜೀಮ್ 3. ಕೂಡಿಸಿದರೆ 73. ನಮ್ಮಲ್ಲಿ ಕಟಪಯಾದಿ ಇದೆ. ಅದರಲ್ಲಿ ಗ ಅಂದರೆ 3, ಜ ಅಂದರೆ 8, ನಡುವಿನ ಸೊನ್ನೆಗೆ, ಅಂದರೆ ಅನುಸ್ವಾರಕ್ಕೆ, ಬೆಲೆ ಇಲ್ಲ, ಬಲದಿಂದ ಎಡಕ್ಕೆ ಓದಬೇಕು. 83 ಆಯಿತು. ಒಂದೇ ಪದ, ಎರಡು ಲೆಕ್ಕ. ಗೋಪುರದಿಂದ 73 ಹೆಜ್ಜೆಯೋ 83 ಹೆಜ್ಜೆಯೋ? ದರ್ಬಾರಿನ ಮುನ್ಷಿ ಬರೆದಿದ್ದರೆ ಒಂದು, ಊರಿನ ಶಾನುಭೋಗ ಬರೆದಿದ್ದರೆ ಇನ್ನೊಂದು. ಯಾರು ಬರೆದದ್ದು ಅಂತ ಗೊತ್ತಾಗದೆ ಅಗೆದರೆ ಹತ್ತು ಹೆಜ್ಜೆ ಆಚೆ ಬರೀ ಬಂಡೆ ಸಿಗುತ್ತದೆ.

ಬಾವಡಿ_ಬರಹ:
ಊರಿನವನೇ ಬರೆದದ್ದು. ಸುರಂಗದ ಹೂಳು ತೆಗೆಯುವವರ ಕೂಲಿ ಲೆಕ್ಕ ಇಡುತ್ತಿದ್ದವನು. ಈಗ ತೀರ್ಮಾನ ಮಾಡಿದೆ, 83.

ಗುಮ್ಮಟದ_ನೆರೆ:
ಬೇಹುಗಾರರು ಭೇಟಿಯಾಗುವ ಜಾಗದ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಗೋಲಗುಮ್ಮಟದ ಪಿಸುಮಾತಿನ ಗ್ಯಾಲರಿ ಬಿಟ್ಟು ಬೇರೆ ಎಲ್ಲೂ ಬೇಡ. ಎಲ್ಲರೂ ಏಳು ಸಲ ಮಾರ್ದನಿ ಕೇಳುತ್ತದೆ ಅಂತ ಕೂಗಾಡಿ ಬರುತ್ತಾರೆ. ಬೆಳಿಗ್ಗೆ 6 ಗಂಟೆಗೆ, ಶಾಲೆ ಮಕ್ಕಳು ಬರುವ ಮುಂಚೆ ಹತ್ತಿ ನೋಡಿ. ಆ ಕಡೆ ಒಬ್ಬರು ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಸುಮಾರು 38 ಮೀಟರ್ ದೂರದ ಈ ಕಡೆ ಕಿವಿಯಲ್ಲೇ ಹೇಳಿದಂತೆ ಕೇಳುತ್ತದೆ. ಕಾಗದ ಹರಿದ ಸದ್ದೂ ಕೇಳುತ್ತದೆ. ದನಿ ಬಾಗಿದ ಗೋಡೆಯನ್ನು ಹಿಡಿದುಕೊಂಡೇ ಹೋಗುತ್ತದೆ.

ಆದರೆ ಅಲ್ಲಿ ಗುಟ್ಟು ಹೇಳಿದರೆ ಇಬ್ಬರಿಗೆ ಮಾತ್ರ ಕೇಳುವುದಿಲ್ಲ. ಗೋಡೆಗೆ ಕಿವಿಯಿಟ್ಟ ಮೂರನೆಯವನಿಗೂ ಕೇಳುತ್ತದೆ. ಅದಕ್ಕೇ ಅಲ್ಲಿ ಸುಳ್ಳು ಹೇಳಲು ಹೋಗಬೇಕು. ನಿಮ್ಮ ನಾಯಕಿ ಮನಸ್ಸು ಬದಲಾದ ಮೇಲೆ ಅಲ್ಲಿ ನಿಂತು "73" ಅಂತ ಪಿಸುಗುಟ್ಟಲಿ.

ಇಂಡಿಯವಳು:
ಮನಸ್ಸು ಬದಲಾಗುವುದು ಯಾವಾಗ? ಅದೇ ಅಲ್ವಾ ಮುಖ್ಯ? ನನಗೆ ಒಂದು ಹೊಳೆದಿದೆ.

ಸವಳು ನೀರಿನಲ್ಲಿ ತೊಗರಿ ಬೇಳೆ ಬೇಯುವುದಿಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ ಇರುವ ನೀರಿನಲ್ಲಿ ಎಷ್ಟು ಕುದಿಸಿದರೂ ಕಾಳು ಕಾಳಾಗಿ ಉಳಿಯುತ್ತದೆ. ನಮ್ಮ ಅತ್ತೆ ಸಾರಿನ ಬೇಳೆ ನೋಡಿಯೇ ಇವತ್ತು ಯಾವ ಬಾವಿಯ ನೀರು ಅಂತ ಹೇಳುತ್ತಿದ್ದರು. ನಾಯಕಿ ಒಂದು ಮನೆಯಲ್ಲಿ ಊಟಕ್ಕೆ ಕೂರುತ್ತಾಳೆ. ಬೇಳೆ ಬೆಣ್ಣೆಯಂತೆ ಬೆಂದಿದೆ. ಅವಳ ಕೈ ನಿಲ್ಲುತ್ತದೆ.

ಮಣ್ಣು_ಮಾಪಕ:
ತುಂಬ ಚೆನ್ನಾಗಿದೆ ಅಕ್ಕಾರೇ. ಒಂದು ಸಂಶಯ. ಕಂಪನಿಯ ನೀರು ಶುದ್ಧ ಮಾಡಿದ್ದು, ಅದರಲ್ಲೂ ಬೇಳೆ ಬೇಯುತ್ತದೆ. ಆ ನೀರಲ್ಲೇ ಬೇಯಿಸಿದರು ಅಂತ ಅವಳು ಯಾಕೆ ಅಂದುಕೊಳ್ಳುವುದಿಲ್ಲ?

ಬಾವಡಿ_ಬರಹ:
ಅವಳು ಬೇಹುಗಾರ್ತಿ. ಆ ಮನೆಯ ಕಾರ್ಡ್ ಲೆಕ್ಕ ನೋಡಿಕೊಂಡೇ ಬಂದಿರುತ್ತಾಳೆ. ದಿನಕ್ಕೆ ಎರಡು ಲೀಟರ್, ಮೂವರಿಗೆ. ಕುಡಿಯುವುದಕ್ಕೇ ಸಾಲದು. ನಿನ್ನೆ ರಾತ್ರಿ ಕೂತು ಮೊದಲ ಪುಟವನ್ನೇ ಹೊಸದಾಗಿ ಬರೆದೆ:

"ಕರಿ ನೆಲದ ಮೇಲೆ ಬಿಳಿ ಉಪ್ಪು ಕೂತಿತ್ತು. ಅವಳು ಬಿರುಕುಗಳನ್ನು ದಾಟುತ್ತಾ ಆ ಮನೆಗೆ ಬಂದಾಗ ಹೊತ್ತು ಮುಳುಗಿತ್ತು. ಯಾರು, ಯಾಕೆ ಬಂದೆ ಅಂತ ಮುದುಕಿ ಕೇಳಲಿಲ್ಲ. 'ಕೈ ತೊಳಕೋ, ಉಣ್ಣೀಯಂತ' ಅಂದಳು. ತಾಟಿನಲ್ಲಿ ಎರಡು ಕಟಕ ರೊಟ್ಟಿ, ಶೇಂಗಾ ಹಿಂಡಿ, ಒಂದು ಬಟ್ಟಲು ಬೇಳೆ. ರೊಟ್ಟಿ ಮುರಿದು ಬೇಳೆಯಲ್ಲಿ ಅದ್ದಿದಳು. ನಾಲಿಗೆಯ ಮೇಲೆ ಬೇಳೆ ಕರಗಿಹೋಯಿತು. ಅಜ್ಜನ ಮನೆ ಬಿಟ್ಟ ಮೇಲೆ ಅಂಥ ಬೇಳೆ ಅವಳು ತಿಂದಿರಲಿಲ್ಲ. ಕಿವಿಯ ಹಿಂದಿನ ಯಂತ್ರದಲ್ಲಿ ಯಾರೋ, 'ಏನಾದರೂ ಸಿಕ್ಕಿತಾ?' ಎಂದು ಕೇಳಿದರು. ಮುದುಕಿ ಅವಳ ಬಾಯನ್ನೇ ನೋಡುತ್ತಿದ್ದಳು. 'ಇಲ್ಲ,' ಅಂದಳು ಅವಳು."

ಡೋಣಿ_ದಂಡೆ:
ಇದು ನಮ್ಮೂರು. ತಂಗಿಗೆ ಓದಲು ಕೊಡಿ.

ಇಂಡಿಯವಳು:
ಎರಡು ಸಲ ಓದಿದೆ. ಒಂದೇ ಒಂದು ಕೇಳುತ್ತೇನೆ. ಕೈ ತೊಳೆಯಲು ಮುದುಕಿ ಕೊಟ್ಟ ತಂಬಿಗೆ ನೀರು ಯಾವುದು? ಅದು ಸಿಹಿನೀರಾದರೆ ಗುಟ್ಟು ಊಟಕ್ಕೆ ಮೊದಲೇ ಬಯಲಾಗುತ್ತದೆ.

ಬಾವಡಿ_ಬರಹ:
ಸವಳು ನೀರು ಅಕ್ಕಾ. ಕೈ ಆರಿದ ಮೇಲೆ ಬೆರಳ ಸಂದಿಯಲ್ಲಿ ಬಿಳಿ ಗೆರೆ ಉಳಿಯುತ್ತದೆ. ಈಗ ಸೇರಿಸಿದೆ.